ಒಂದೂ ಸಬ್‌ಮರೀನ್ ಮುಳುಗಿಸದ ಪಡೆ

ಸುಳ್ಳು ಟೈಪ್ ಮಾಡೂದಕ್ಕ ನಂದೇನೂ ತಕರಾರಿಲ್ಲರಿ. ಲಗ್ನದ ಬಯೋಡಾಟಾದಾಗ ದಿನಾ ಮಾಡತೇನಿ. ಆದ್ರ ದುರ್ಗದಬೈಲಿನ ನಮ್ಮ ಡಿಟಿಪಿ ಅಂಗಡಿಗೆ ಬಂದ ಆ ರಿಟೈರ್ಡ್ ಸಾಲಿ ಅಕ್ಕೋರ ಮುಂದ ನನ್ನ ಬಾಯಿ ಸುಮ್ಮನಿರಲಿಲ್ಲ.

ಅವರಪ್ಪ ಎರಡನೇ ಮಹಾಯುದ್ಧದಾಗ ಸಬ್‌ಮರೀನ್ ಹುಡುಕೂ ವಿಮಾನದ ಪಡೆದಾಗ ಇದ್ದವರು. ಆ ಪಡೆ ಚರಿತ್ರೆ ಸಣ್ಣ ಪುಸ್ತಕ ಮಾಡಿಸಿ ಮೊಮ್ಮಕ್ಕಳಿಗೆ ಹಂಚಬೇಕಂತ ಅಕ್ಕೋರ ಆಸೆ. "ಮೂರು ಸಬ್‌ಮರೀನ್ ಮುಳುಗಿಸಿದರು" ಅಂತ ಬರದು ತಂದಿದ್ರು. ಜೋಡಿಗೆ ಅಪ್ಪನ ಹಾರಾಟದ ಡೈರಿನೂ ಸ್ಕ್ಯಾನ್ ಮಾಡಾಕ ಕೊಟ್ರು. ಅದರಾಗ ಪುಟಪುಟಕ್ಕೂ ಒಂದ ಮಾತು: ನಮ್ಮ ಹಡಗುಗಳ ಕಾವಲಿಗೆ ಹಾರಿದೆವು, ಏನೂ ಕಾಣಲಿಲ್ಲ.

"ಅಕ್ಕೋರ, ನಿಮ್ಮಪ್ಪಾರು ಯುದ್ಧಕ್ಕ ಹೋಗಿದ್ರೋ, ಸಮುದ್ರಾ ನೋಡಾಕ ಹೋಗಿದ್ರೋ?" ಅಂದೆ.

ಅವರ ಮಾರಿ ಸಣ್ಣದಾತು. "ಐವತ್ತ ವರ್ಷ ಎಲ್ಲಾರಿಗೂ ಮೂರು ಮುಳುಗಿಸಿದ್ರಂತ ಹೇಳೇನಪಾ," ಅಂದು ಡೈರಿ ತಿರುವುತ್ತ ಕುಂತ್ರು. ಆಮ್ಯಾಲೆ ಕೇಳಿದ್ರು, "ವಿಮಾನ ಅಡ್ಡಾಡಾಕತ್ತಿದ್ರ ಸಬ್‌ಮರೀನ್ ಮ್ಯಾಲೆ ಬರತಿತ್ತೇನು?"

"ಎಲ್ಲಿದರಿ! ಬಂದ್ರ ಬಾಂಬ್ ಬೀಳತಿತ್ತಲ್ಲ. ನೀರಾಗ ಅಡಗಿ ಕುಂದರತಿತ್ತು."

"ನೀ ಪರೀಕ್ಷಾಕ್ಕ ಎಂದಾದ್ರೂ ಕಾಪಿ ಚೀಟಿ ಒಯ್ದಿದ್ದೇನು?"

"ಒಯ್ದಿದ್ದೆರಿ. ಮೇಡಂ ಒಬ್ರು ಮೂರು ತಾಸು ಅಡ್ಡಾಡಿದ್ರು, ಸಾಕ್ಸಿನಾಗಿಂದ ತಗ್ಯಾಕ ಆಗಲೇ ಇಲ್ಲ. ಫೇಲಾಗಿ ಕಾಲೇಜನ ಬಿಟ್ಟೆ."

"ಅವರು ಅವತ್ತು ಯಾರನ್ನರ ಹಿಡದ್ರೇನು?"

"ಒಬ್ಬರನ್ನೂ ಇಲ್ಲ."

ಅಕ್ಕೋರು ನನ್ನ ಪೆನ್ನು ಇಸಗೊಂಡು "ಮೂರು ಸಬ್‌ಮರೀನ್ ಮುಳುಗಿಸಿದರು" ಅನ್ನೂದನ್ನ ಹೊಡದು ಹಾಕಿ, "ಒಂದೂ ಸಬ್‌ಮರೀನ್ ಮ್ಯಾಲೆ ಬರಗೊಡಲಿಲ್ಲ" ಅಂತ ಬರದ್ರು.

"ನಾ ಫೇಲಾಗಿದ್ದು ಒಬ್ಬರಿಗರ ಉಪಯೋಗಕ್ಕ ಬಂತಲ್ರಿ," ಅಂದೆ.

"ಓದಿದ್ರ ಚೀಟಿ ಯಾಕ ಬೇಕಿತ್ತೋ?" ಅಂತ ಅಕ್ಕೋರು ಹೊರಗ ನಡದು, ಬಾಗಲಾ ದಪ್ಪಂತ ಹಾಕಿದ್ರು.