ಜಾಹೀರಾತಿನ ಕೆಳಗಿನ ಸುದ್ದಿ

ಪತ್ರಿಕೆಯ ಪುಟ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಇಪ್ಪತ್ತಾರು ವರ್ಷಗಳಿಂದ ಅದೇ ಕುರ್ಚಿ, ಎದುರಿಗೆ ಅದೇ ಗೋಡೆ. ಕಂಪ್ಯೂಟರ್ ಮಾತ್ರ ನಾಲ್ಕು ಸಲ ಬದಲಾಗಿತ್ತು. ಮೊದಲು ಜಾಹೀರಾತುಗಳನ್ನು ಕೂರಿಸಬೇಕು, ಉಳಿದ ಸಂದುಗೊಂದಿಗಳಲ್ಲಿ ಲೋಕದ ಸುದ್ದಿಯನ್ನೆಲ್ಲ ತುರುಕಬೇಕು. ಇದಕ್ಕೆ ಪತ್ರಿಕೋದ್ಯಮ ಎಂದು ಹೆಸರು. ಆಸ್ಪತ್ರೆಯ ಜಾಹೀರಾತು ಇರುವ ಪುಟದಲ್ಲಿ ಆ ಆಸ್ಪತ್ರೆಯಲ್ಲಿ ಸತ್ತವರ ಸುದ್ದಿ ಇರಕೂಡದು. ಅಂಥದ್ದನ್ನು ಹತ್ತನೇ ಪುಟದ ಮೂಲೆಗೆ, ಹವಾಮಾನದ ಪಕ್ಕಕ್ಕೆ ಸಾಗಹಾಕುವುದನ್ನು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಸಾಗಹಾಕಿ ನಿಶ್ಚಿಂತೆಯಿಂದ ಮನೆಗೆ ಹೋಗುತ್ತಿದ್ದ.

ಹೀಗಿರುವಾಗ ಅವನ ಅಕ್ಕನ ಕಾಲು ಮುರಿಯಿತು. ಊರಿನ ದೊಡ್ಡ ಬಟ್ಟೆ ಅಂಗಡಿಯ ಮೂರನೇ ಮಹಡಿಯಲ್ಲಿ ಒಂಬತ್ತು ವರ್ಷ ಹೊಲಿಗೆ ಯಂತ್ರ ತುಳಿದವಳು. ಸಾಮಾನು ಸಾಗಿಸುವ ಲಿಫ್ಟ್ ಕಳಚಿ ಬಿದ್ದಾಗ ಒಳಗಿದ್ದಳು. ಮಾಲೀಕರು, "ಆಕೆ ನಮ್ಮ ಕೆಲಸದವಳೇ ಅಲ್ಲ, ಗಿರಾಕಿ" ಎಂದು ಕೈ ತೊಳೆದುಕೊಂಡರು. ಬಟ್ಟೆ ಕೊಳ್ಳಲು ಬಂದು ಸಾಮಾನಿನ ಲಿಫ್ಟ್ ಹತ್ತಿದ ಗಿರಾಕಿ!

ವರದಿ ಬಂದ ಸಂಜೆ ಸಂಪಾದಕರು ಅವನ ಬೆನ್ನ ಹಿಂದೆ ಬಂದು ನಿಂತರು.

"ಪೊಲೀಸ್ ದೂರು ಆಗಿದೆ, ಪೂರ್ತಿ ಬಿಡೋಕಾಗಲ್ಲ. ಅಂಗಡಿ ಹೆಸರು ತೆಗೀರಿ. 'ಬಟ್ಟೆ ಅಂಗಡಿಯೊಂದರಲ್ಲಿ' ಅಂತಿರಲಿ ಸಾಕು. ನಾಳೆ ಅವರದ್ದು ಅರ್ಧ ಪುಟ ಜಾಹೀರಾತಿದೆ, ಗೊತ್ತಲ್ಲ?"

"ಗೊತ್ತು ಸಾರ್."

ಹೆಸರು ತೆಗೆದ. ಮೂರನೇ ಪುಟದ ಮೇಲರ್ಧಕ್ಕೆ ಅಂಗಡಿಯ ಜಾಹೀರಾತನ್ನು ಕೂರಿಸಿದ. ಅಂಗೈಯಗಲದ ಅಕ್ಷರಗಳಲ್ಲಿ ಅಂಗಡಿಯ ಹೆಸರು. ಅದರ ಕೆಳಗೇ, ನಡುವೆ ಒಂದು ಗೆರೆಯನ್ನೂ ಎಳೆಯದೆ, ಹೆಸರಿಲ್ಲದ ಸುದ್ದಿಯನ್ನಿಟ್ಟು ಮುದ್ರಣಕ್ಕೆ ಕಳಿಸಿದ. ಅವನು ಕಟ್ಟಿದ ಪುಟವನ್ನು ಮತ್ತೊಮ್ಮೆ ನೋಡುವ ಅಭ್ಯಾಸ ಯಾರಿಗೂ ಇರಲಿಲ್ಲ.

ಮರುದಿನ ಓದಿದವರಿಗೆಲ್ಲ ಅದು ಯಾವ ಅಂಗಡಿ ಎಂದು ತಿಳಿಯಿತು. ಸಂಪಾದಕರು ಕೆಂಡವಾಗಿದ್ದರು.

"ಏನ್ರೀ ಇದು?"

"ನೀವು ಹೇಳಿದ ಹಾಗೇ ಇದೆ ಸಾರ್, ಒಂದಕ್ಷರ ಆಚೀಚೆ ಆಗಿಲ್ಲ."

"ನಾಳೆಯಿಂದ ಬರಬೇಡಿ."

ಮನೆಯಲ್ಲಿ ಅಕ್ಕ ಹಾಸಿಗೆಯ ಮೇಲೆ ಪತ್ರಿಕೆ ಹರಡಿಕೊಂಡು ಕೂತಿದ್ದಳು.

"ಅಂಗಡಿ ಮ್ಯಾನೇಜರ್ ಬಂದಿದ್ದ ಕಣೋ. ನೀನು ನಮ್ಮ ಕೆಲಸದವಳೇ, ಆಸ್ಪತ್ರೆ ಖರ್ಚೆಲ್ಲ ನಮ್ದೇ ಅಂತ ಬರ್ಕೊಟ್ಟು ಹೋದ" ಎಂದು ಕಣ್ಣೊರೆಸಿಕೊಂಡಳು. "ಎಂಥಾ ತಮ್ಮನೋ ನೀನು! ಇಷ್ಟು ವರ್ಷದಲ್ಲಿ ಹೀಗೆ ಎಷ್ಟು ಜನಕ್ಕೆ ಉಪಕಾರ ಮಾಡಿದ್ದೀಯೋ ಏನೋ!"

ಕೆಲಸ ಹೋದದ್ದನ್ನು ಹೇಳಬೇಕೆಂದು ಬಾಯಿ ತೆರೆದಿದ್ದವನು ಅದನ್ನು ಅಲ್ಲಿಗೇ ಬಿಟ್ಟ. ಹತ್ತನೇ ಪುಟದ ಮೂಲೆಗೆ ಸಾಗಹಾಕಿದ ಸುದ್ದಿಗಳು ನೆನಪಾಗಿ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ನಿನಗೊಬ್ಬಳಿಗೇ, ಅಕ್ಕ" ಎಂದ.