ಗೇಟಿನ ಗಾಳೇಶ ಮತ್ತು ದೇವರ ಬೆಂಕಿ

ಕಾರಟಗಿಯ ಅಕ್ಕಿ ಗಿರಣಿಯೊಂದರ ಗೇಟಿನಲ್ಲಿ ಗಾಳೇಶ ಕೂತಿದ್ದಾನೆಂದರೆ ಬೀಡಿಯ ತುಂಡೂ ಒಳಗೆ ಹೋಗುವಂತಿಲ್ಲ. ಬೆಳಿಗ್ಗೆ ಬಂದ ಹಮಾಲರೆಲ್ಲ ಕೈ ಮೇಲೆತ್ತಿ ಸಾಲಾಗಿ ನಿಲ್ಲಬೇಕು. ಈ ಮಹಾಶಯ ಅವರ ಜೇಬು ತಡವಿ, ರುಮಾಲು ಬಿಚ್ಚಿಸಿ, ಸೊಂಟದ ಗಂಟು ಹಿಚುಕಿ ನೋಡುತ್ತಾನೆ. ಕಡ್ಡಿಪೆಟ್ಟಿಗೆ ಸಿಕ್ಕಿತೋ, ಅಂದಿನ ಮಟ್ಟಿಗೆ ಅವನ ಜನ್ಮ ಸಾರ್ಥಕ.

"ಒಳಗ ಹೊಟ್ಟು ಗುಡ್ಡದಂಗ ಬಿದ್ದೈತಿ. ಒಂದ ಕಿಡಿ ಹಾರಿದ್ರ ನಿಮ್ಮಪ್ಪ ಬಂದು ಆರಸ್ತಾನೇನು?" ಎಂದು ಎಗರಾಡುತ್ತಾನೆ.

ಮಾತು ಸರಿಯೇ. ಆದರೆ ಕಿತ್ತುಕೊಂಡ ಕಡ್ಡಿಪೆಟ್ಟಿಗೆಗಳನ್ನು ಅವನು ಎಸೆಯುತ್ತಿರಲಿಲ್ಲ. ಪುಕ್ಕಟೆ ಸಿಕ್ಕದ್ದನ್ನು ಎಸೆಯಲು ಅವನೇನು ಸಾಹುಕಾರನೇ? ಎಲ್ಲವೂ ಜೇಬಿನಲ್ಲಿ ಕೂತು ಮನೆಗೆ ಬರುತ್ತಿದ್ದವು. ಅಲ್ಲಿ ಅವಕ್ಕೆ ಬೇರೆಯೇ ಉದ್ಯೋಗವಿತ್ತು.

ಚಳಿ ಬಿದ್ದು, ಜನ ಹನುಮಮಾಲೆ ಹಾಕಿಕೊಂಡು ಅಂಜನಾದ್ರಿಗೆ ಹೊರಡುವ ಕಾಲ ಬಂದರೆ ಗಾಳೇಶನಿಗೂ ಭಕ್ತಿ ನೆತ್ತಿಗೇರುತ್ತದೆ. ಕೊರಳಿಗೆ ಮಾಲೆ ಬಿದ್ದ ದಿನದಿಂದ ಬೆಟ್ಟದಲ್ಲಿ ಅದನ್ನು ತೆಗೆಯುವವರೆಗೆ ಮನೆಯ ನಂದಾದೀಪ ಆರಬಾರದೆಂದು ಅವನ ಹರಕೆ. ದೀಪ ಒಂದೇ ಆಗಿದ್ದರೆ ಯಾರ ತಕರಾರೂ ಇರುತ್ತಿರಲಿಲ್ಲ. ಅದರ ಸುತ್ತ ಥರ್ಮೋಕೋಲ್ ಮಂಟಪ, ಹಿಂದೆ ನೈಲಾನ್ ಪರದೆ, ಮೇಲೆ ಕಾಗದದ ಹೂವು, ಎಲ್ಲದರ ಮೈಮೇಲೂ ಮಿಣಮಿಣ ಲೈಟಿನ ಸರ. ಸರಕ್ಕೆ ಪ್ಲಗ್ ಇರಲಿಲ್ಲ. ವೈರಿನ ತುದಿ ಸುಲಿದು ಸ್ವಿಚ್ ಬೋರ್ಡಿನ ತೂತಿಗೆ ತುರುಕಿ, ಅಲುಗಾಡದಂತೆ ಹಮಾಲರ ಕಡ್ಡಿಗಳನ್ನೇ ಜೊತೆಗೆ ಚುಚ್ಚಿಬಿಡುತ್ತಿದ್ದ. ಹೌದು, ಮದ್ದಿನ ತಲೆ ಸಮೇತ.

ಹೆಂಡತಿ ಹಂಪವ್ವ ಕೌದಿ ಹೊಲಿಯುವವಳು. ಇರುವುದೊಂದೇ ಕೋಣೆ, ಅದರ ತುಂಬ ಹಳೆ ಬಟ್ಟೆ. ಈ ಚಳಿಗೆ ಅವಳ ಕೈಯಲ್ಲಿದ್ದದ್ದು ಎದುರುಮನೆಯ ಸೈದಾನಬಿಯ ಕೌದಿ. ಸೈದಾನಬಿಯ ಮಗಳು ಖುಷ್ಬು ಹಡೆದಿದ್ದಳು. ಮೊಮ್ಮಗುವಿಗೆ ಹೊದಿಸಲೆಂದು ಸೈದಾನಬಿ ತೀರಿಹೋದ ತನ್ನ ತಾಯಿಯ ಸೀರೆಗಳನ್ನು ತಂದುಕೊಟ್ಟಿದ್ದಳು. ಯಾವ ಅಂಗಡಿಗೆ ಹೋದರೂ ಮತ್ತೆ ಸಿಗದ ಬಟ್ಟೆ ಅದು. ಹಂಪವ್ವನಿಗೆ ಆ ಕೌದಿಯದೇ ಚಿಂತೆ.

"ದೀಪಾನ ಕಬ್ಬಿಣದ ಬುಟ್ಟ್ಯಾಗಿಟ್ಟು ಹೊರಗ ಕಟ್ಟಿ ಮ್ಯಾಲೆ ಇಡೋಣ್ರಿ. ಇಲ್ಲಿ ಬರೇ ಅರಿವಿ ತುಂಬೇತಿ. ನಾಳೆ ಏನರ ಆದ್ರ ಸೈದಾನಬಿಗೆ ಯಾವ ಮುಖ ತೋರಸ್ಲಿ?"

"ನಿನಗೇನು ತಲಿ ಕೆಟ್ಟೈತೇನು? ಅದು ದೇವರ ದೀಪ. ಸುಡಾಕ ಅದೇನು ಹಮಾಲರ ಬೀಡಿ ಏನು?"

"ಗಿರಣ್ಯಾಗಿನ ಬೆಂಕಿ ಬ್ಯಾರೆ, ಮನ್ಯಾಗಿನ ಬೆಂಕಿ ಬ್ಯಾರೇನ್ರಿ?"

"ಬ್ಯಾರೆನ ಮತ್ತ. ಹನುಮಪ್ಪನ ಬಾಲಕ್ಕ ಬೆಂಕಿ ಹಚ್ಚಿದ್ರೂ ಅವಂಗೇನೂ ಆಗಲಿಲ್ಲ, ಗೊತ್ತೈತಿಲ್ಲ?"

"ಅವಂಗ ಆಗಲಿಲ್ಲ, ಖರೆ ಐತಿ. ಲಂಕಿಗೆ ಏನಾತು ಅದನ್ನೂ ಹೇಳ್ರಿ."

ವಾದದಲ್ಲಿ ಸೋತ ಗಂಡಸರು ಮಾಡುವುದನ್ನೇ ಗಾಳೇಶನೂ ಮಾಡಿದ. ಗಂಟಲು ಏರಿಸಿ, ಹೆಂಗಸರಿಗೆ ಭಕ್ತಿ ಕಡಿಮೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಎದ್ದುಹೋದ.

ಬೆಟ್ಟಕ್ಕೆ ಹೊರಡುವ ದಿನ ಅವನು ಸ್ನಾನ ಮುಗಿಸಿ ಬಂದು ನೋಡಿದರೆ ದೀಪ ಹೊರಗೆ, ಬುಟ್ಟಿಯಲ್ಲಿ, ನೆಮ್ಮದಿಯಾಗಿ ಉರಿಯುತ್ತಿತ್ತು. ಅವನ ಹೊಟ್ಟೆ ಉರಿಯಿತು. ಅದನ್ನೆತ್ತಿ ತಂದು ಮಂಟಪದಲ್ಲಿ ಕೂಡಿಸಿ, ತಾನು ಬರುವವರೆಗೆ ಸಾಲಲೆಂದು ತುಳುಕುವಷ್ಟು ಎಣ್ಣೆ ಸುರಿದ. ಬಳಿಕ ಕೇಸರಿ ಪಂಚೆ ಉಟ್ಟು, ಶಾಲು ಹೊದ್ದು, ಸ್ಟೇಟಸ್ಸಿಗೊಂದು ಫೋಟೋ ಬೇಕಲ್ಲ, ಮಂಟಪಕ್ಕೆ ಬೆನ್ನು ಮಾಡಿ ಮೊಬೈಲು ಎತ್ತಿದ. ಮಂಟಪ ಪೂರ್ತಿ ಬರಲಿಲ್ಲ. ಒಂದಿಷ್ಟು ಹಿಂದೆ ಸರಿದ. ಬೆನ್ನಿಗೆ ಏನೋ ತಾಗಿತು. ಮೊಬೈಲಿನಲ್ಲಿ ಅವನ ತಲೆಯ ಹಿಂದೆ ಜಗಜಗ ಬೆಳಕು ಮೂಡಿತು.

"ಲೈಟಿನ ಸರ ಈ ವರ್ಷ ಭಾಳ ಛಲೋ ಬಂದೈತಿ" ಎಂದು ಭಕ್ತ ಮುಗುಳ್ನಕ್ಕ.

ಹಿಂದೆ ದೀಪ ವಾಲಿ ಪರದೆ ಹೊತ್ತಿಕೊಂಡಿತ್ತು.

ಹಂಪವ್ವ ಹಿತ್ತಲಲ್ಲಿ ಹೊಲಿದು ಮುಗಿಸಿದ ಕೌದಿಯನ್ನು ಒಗೆಯಲು ನೆನೆಹಾಕಿದ್ದಳು. ಸುಟ್ಟ ವಾಸನೆಗೆ ಓಡಿಬಂದವಳೇ ಮೊದಲು ಮೇನ್ ಸ್ವಿಚ್ ಆಫ್ ಮಾಡಿದಳು. ಥರ್ಮೋಕೋಲು ಕರಗಿ ತೊಟ್ಟಿಕ್ಕುತ್ತಿತ್ತು. ಜ್ವಾಲೆ ಬಟ್ಟೆಯ ಗಂಟುಗಳತ್ತ ನಾಲಿಗೆ ಚಾಚಿತ್ತು. ಒದ್ದೆ ಕೌದಿಯನ್ನು ಎಳೆದುತಂದರೆ ಗಾಳೇಶ ಅವಳ ಕೈ ಹಿಡಿದುಕೊಂಡ.

"ತಡಿ, ದೀಪ ಆರತೈತಿ. ನನ್ನ ಹರಕಿ ಮುರೀತೈತಿ."

ಗಿರಣಿಯ ಗೇಟಿನ ಹುಲಿ ಆಡಿದ ಮಾತು ಇದು.

"ಕೈ ಬಿಡ್ರಿ. ಮನಿ ಉರಿಯಾಕತ್ತೈತಿ" ಎಂದು ಅವನನ್ನು ಕೊಡವಿ, ಹಂಪವ್ವ ಸೈದಾನಬಿಯ ತಾಯಿಯ ಸೀರೆಗಳ ಆ ಕೌದಿಯನ್ನು ಬೆಂಕಿಯ ಮೇಲೆ ಬೀಸಿ ಹಾಕಿ ಒತ್ತಿ ಹಿಡಿದಳು. ಮಂಟಪ, ಪರದೆ, ದೀಪ ಎಲ್ಲ ಅದರಡಿ ಉಸಿರುಗಟ್ಟಿದವು. ಹೊಗೆ ಇಳಿದಾಗ ಮನೆ ಉಳಿದಿತ್ತು. ಕೌದಿಯ ನಡುವೆ ತಟ್ಟೆಯಗಲದ ತೂತು ಬಿದ್ದಿತ್ತು. ಅವಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಅಷ್ಟರಲ್ಲಿ ಗಾಳೇಶ ಓಣಿಯಲ್ಲಿ ನಿಂತು ಸುದ್ದಿ ಹೇಳುತ್ತಿದ್ದ. "ಹನುಮಪ್ಪನ ಕಾಯ್ದ ನೋಡ್ರಿ. ಇಲ್ಲಂದ್ರ ಇಷ್ಟೊತ್ತಿಗೆ ಬೂದಿ."

"ಕಾಯ್ದಾನ, ಯಾರು ಇಲ್ಲಂದ್ರು ತಮ್ಮಾ?" ಎಂದಳು ಸೈದಾನಬಿ. "ಕೈ ಸುಟ್ಟಿದ್ದು ಮಾತ್ರ ಹಂಪವ್ವಂದು."

ಗಾಳೇಶ ಬೆಟ್ಟದ ಗಾಡಿ ತಪ್ಪುತ್ತದೆಂದು ಹೊರಟೇಹೋದ. ಹಂಪವ್ವ ತೂತುಬಿದ್ದ ಕೌದಿ ಹಿಡಿದು ಎದುರುಮನೆಯ ಹೊಸ್ತಿಲಲ್ಲಿ ನಿಂತಳು. ಅಳು ಬಂತು. ಸೈದಾನಬಿ ತೂತಿನ ಅಂಚನ್ನು ಬೆರಳಿನಿಂದ ಸವರಿದಳು. ಎಷ್ಟಾದರೂ ತಾಯಿಯ ಸೀರೆ.

"ನಮ್ಮ ಅಮ್ಮಿ ಒಂದು ಮನಿ ಉಳಿಸ್ಯಾಳ ಬಿಡು" ಎಂದಳು ಕೊನೆಗೆ. "ಕೈ ಮಾಯ್ದ ಮ್ಯಾಲೆ ಒಂದು ತ್ಯಾಪಿ ಹಚ್ಚಿ ಕೊಡು. ಕೂಸಿಗೆ ಚಳಿ ಆಗಬಾರದು."

ಕೈ ಮಾಯಿತು. ತೇಪೆಗೆ ಬಟ್ಟೆ ಹುಡುಕಿದರೆ ಮನೆಯದೆಲ್ಲ ಹೊಗೆ ನಾರುತ್ತಿತ್ತು. ಬೆಟ್ಟದಿಂದ ಬಂದ ಗಾಳೇಶನ ಪಂಚೆ ಮಾತ್ರ ಹಗ್ಗದ ಮೇಲೆ ಶುಭ್ರವಾಗಿ ಆಡುತ್ತಿತ್ತು. ಹಂಪವ್ವ ಕತ್ತರಿ ತಂದಳು. ಈಗ ಖುಷ್ಬುವಿನ ಕೂಸು ಮುತ್ತಜ್ಜಿಯ ಸೀರೆಗಳ ನಡುವೆ ಒಂದು ಕೇಸರಿ ತೇಪೆ ಹೊದ್ದು ಬೆಚ್ಚಗೆ ಮಲಗುತ್ತದೆ. ಅರ್ಧ ಪಂಚೆ ಎಲ್ಲಿ ಹೋಯಿತೆಂದು ಗಾಳೇಶ ಕೇಳಲಿಲ್ಲ. ಕೇಳುವ ಧೈರ್ಯ ಅವನಿಗೆ ಇನ್ನೂ ಬಂದಿಲ್ಲ.

ಅದಾದ ಮೇಲೆ ಒಂದು ಸಂಜೆ ಅವನು ಗಿರಣಿಯಿಂದ ಮನೆಗೆ ಬಂದರೆ ಹಂಪವ್ವ ಬಾಗಿಲಿಗೆ ಅಡ್ಡ ನಿಂತಿದ್ದಳು. ಪಕ್ಕದಲ್ಲಿ ನೀರು ತುಂಬಿದ ಬಕೀಟು.

"ಒಳಗ ಅರಿವಿ ಗುಡ್ಡದಂಗ ಬಿದ್ದೈತಿ" ಎಂದಳು. "ಕೈ ಮ್ಯಾಲೆ ಎತ್ರಿ."

ಗಾಳೇಶ ಓಣಿಯ ಆಚೀಚೆ ನೋಡಿದ. ಎದುರುಮನೆಯ ಕಟ್ಟೆಯಲ್ಲಿ ಕೂಸನ್ನೆತ್ತಿಕೊಂಡು ಸೈದಾನಬಿ ಕೂತಿದ್ದಳು. ಅವನು ಹಮಾಲರಂತೆಯೇ ಮೆಲ್ಲಗೆ ಎರಡೂ ಕೈ ಎತ್ತಿದ. ಹಂಪವ್ವ ಅವನ ಜೇಬಿಗೆ ಕೈ ಹಾಕಿ, ಅಂದಿನ ಕಡ್ಡಿಪೆಟ್ಟಿಗೆಗಳನ್ನು ಒಂದೊಂದಾಗಿ ತೆಗೆದು ಬಕೀಟಿನಲ್ಲಿ ಮುಳುಗಿಸಿದಳು.