ಹಿತ್ತಲ ಗರಡಿ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇವತ್ತು ಬೆಳಿಗ್ಗೆ, ನಮ್ಮ ಮನೆಯ ನಡುಕೋಣೆಯಲ್ಲೇ. ಮಿಕ್ಕಿದ್ದೆಲ್ಲ ಆಮೇಲೆ. ಓದು ಮೂರನೆಯ ಕ್ಲಾಸಿಗೇ ನಿಂತ ನನಗೆ ಬರೆಯಲು ಕೂತರೆ ಬೆವರು ಬರುತ್ತದೆ, ಆದರೂ ಇವತ್ತು ಸುಮ್ಮನಿರಲು ಆಗುತ್ತಿಲ್ಲ. ಮಗುವನ್ನು ತಂದು ತೊಡೆಯ ಮೇಲೆ ಮಲಗಿಸಿದರು. ಅದರ ಕಿವಿ ಎಳೆ ಚಿಗುರಿನ ಹಾಗೆ ಮಡಿಸಿಕೊಂಡಿತ್ತು. ಅದನ್ನು ನೋಡಿದ್ದೇ ತಡ, ನಮ್ಮ ಉಸ್ತಾದರು ನೆನಪಾದರು.

ಅವರ ಕಿವಿಗಳು ಕಿವಿಯಂತೆಯೇ ಇರಲಿಲ್ಲ. ಕುಸ್ತಿಯ ಮಣ್ಣಿನಲ್ಲಿ ಉಜ್ಜಿ ಉಜ್ಜಿ ಒಣಕೊಬ್ಬರಿಯ ಚೂರಿನಂತೆ ಗಂಟು ಕಟ್ಟಿಕೊಂಡಿದ್ದವು. ಹೊಳೆನರಸೀಪುರದ ಗರಡಿಯಲ್ಲಿ ಬೆಳೆದವರು. ವಯಸ್ಸಾದ ಮೇಲೆ ನಮ್ಮ ಚನ್ನರಾಯಪಟ್ಟಣಕ್ಕೆ ಬಂದು ತಂಗಿಯ ಮನೆಯಲ್ಲಿದ್ದರು. ಸಾಮು ಕಲಿಯಲು ಬಂದ ಹುಡುಗರಿಗೆಲ್ಲ ಅವರದು ಒಂದೇ ಮಾತು. “ಮೈ ಅನ್ನೋದು ಎತ್ತು ಇದ್ದಂಗೆ ಕಣ್ಲಾ. ಹೊಡುದ್ರೆ ಒಂದಿನ ಓಯ್ತದೆ, ಸಾಕುದ್ರೆ ದಿನಾ ಓಯ್ತದೆ.”

ಆ ಮಾತು ನನಗೂ ಕೇಳಿಸಿತ್ತು, ತಲೆಗೆ ಹೋಗಿರಲಿಲ್ಲ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಕಾಲ, ನನಗೆ ನಲವತ್ತು ದಾಟಿತ್ತು. ದಿನವೆಲ್ಲ ಕೊಬ್ಬರಿ ಅಂಗಡಿಯ ಗಾದಿಯ ಮೇಲೆ ಕೂತು ಕೂತು, ಉಟ್ಟ ಪಂಚೆ ಹೊಟ್ಟೆಯ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ಸಂತೆಯ ದಿನ ಹಮಾಲಿ ಬರಲಿಲ್ಲವೆಂದು ನಾನೇ ಮೂಟೆಗೆ ಕೈ ಹಾಕಿದೆ. ಮೂಟೆ ಅಲ್ಲಾಡಲಿಲ್ಲ, ನಾನೇ ಕುಸಿದು ಕೂತೆ. ಪಕ್ಕದಂಗಡಿಯವನು, “ಮೂಟೆ ಯಾವ್ದು, ನೀನ್ ಯಾವ್ದು ಅಂತ ಗೊತ್ತಾಯ್ತಿಲ್ಲ ಕಣಣ್ಣ” ಅಂದ. ಎಲ್ಲರೂ ನಕ್ಕರು. ನನಗೆ ರೋಷ ಬಂತು. ಸಂಕ್ರಾಂತಿಯೊಳಗೆ ಅದೇ ಮೂಟೆಯನ್ನು ಒಬ್ಬನೇ ಎತ್ತಿ ಗಾಡಿಗೆ ಹಾಕುತ್ತೇನೆಂದು ಸಂತೆಯ ನಡುವೆ ಹೇಳಿಬಿಟ್ಟೆ.

ಗರಡಿಗೆ ಹೋಗಿ ಹುಡುಗರ ಎದುರು ಲಂಗೋಟಿ ಕಟ್ಟಲು ನಾಚಿಕೆ. ಉಸ್ತಾದರನ್ನೇ ಮನೆಗೆ ಕರೆದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಡ, ಕೆರೆ ಏರಿಯ ಮೇಲೆ ಓಡಾಡಿ ಎಂದರು. ನಾನು ಕೇಳಲಿಲ್ಲ. ಹಿತ್ತಲಲ್ಲಿ ಆಂಜನೇಯನ ಪಟ ಇಟ್ಟು, ವೀಳ್ಯ ಕೊಟ್ಟು, ಅವರ ಕೈಯಿಂದ ಗರಡಿಯ ಕೆಂಪು ಮಣ್ಣನ್ನು ಹಣೆಗೆ ಹಚ್ಚಿಸಿಕೊಂಡೆ. ಹಾಗೆ ಹಚ್ಚಿಸಿಕೊಂಡವನು ತಾನಾಗಿ ಸಾಕು ಅನ್ನಬಾರದು, ಉಸ್ತಾದರೇ ಅನ್ನಬೇಕು. ಅದು ಗರಡಿಯ ಕಟ್ಟಳೆ.

ವಾರ ಕಳೆಯುವುದರೊಳಗೆ ಯಾಕಾದರೂ ಶುರು ಮಾಡಿದೆನೋ ಅನಿಸಿತು. ದಂಡ ಹೊಡೆದರೆ ತೋಳು ಮೇಲೇಳದು, ಬಸ್ಕಿ ಹೊಡೆಯಲು ಕೂತರೆ ನಾನೇ ಮೇಲೇಳೆ. ಸೊಂಟದಲ್ಲಿ ಒಂದು ನೋವು ಬಂದು ಬಿಡಾರ ಹೂಡಿತು. ಉಸ್ತಾದರು ಒಂದು ಲೋಟ ಹಾಲು ಕುಡಿಯಿರಿ ಅಂದಿದ್ದರೆ, ನಾನು ಬಾದಾಮಿ, ತುಪ್ಪ, ಗೋಧಿ ಎಂದು ಬೇರೆ ಅಡಿಗೆಯನ್ನೇ ಮಾಡಿಸಿಕೊಂಡು, ಒಬ್ಬನೇ ಮೊದಲು ಉಂಡು ಮಲಗುತ್ತಿದ್ದೆ. ಎರಡೆರಡು ಅಡಿಗೆ ಮಾಡಿ ನನ್ನವಳು ಸೊರಗಿದಳು. ಬೆಳಗಾದರೆ ಹಿತ್ತಲ ಬಾಗಿಲಲ್ಲಿ ಉಸ್ತಾದರ ಕೆಮ್ಮು. ಇವತ್ತಾದರೂ ಸಾಕು ಅಂದಾರು ಎಂದು ಕಾಯುತ್ತಿದ್ದೆ. ಅವರು ಅನ್ನುತ್ತಿರಲಿಲ್ಲ. ವೀಳ್ಯ ಕೊಟ್ಟು ಕರೆದ ಮನೆಗೆ ಬರಲಾರೆ ಅನ್ನುವುದು ಅವರಿಂದ ಆಗದ ಮಾತು.

ಒಂದು ದಿನ ಮೆಟ್ಟಿಲು ಇಳಿಯುವಾಗ ಅವರ ಮೊಣಕಾಲು ಕೈಕೊಟ್ಟಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟರು. ನನ್ನವಳು ಮಜ್ಜಿಗೆ ತಂದು ಕೊಟ್ಟು ಅಲ್ಲೇ ನಿಂತಳು.

“ಉಸ್ತಾದ್ರೆ, ಇವ್ರಿಗೂ ಆಯ್ತಿಲ್ಲ, ನಿಮ್ಗೂ ಆಯ್ತಿಲ್ಲ. ಇದು ಯಾರ್ಗೋಸ್ಕರ ನಡೀತಾ ಅದೆ?”

ಅವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಮಜ್ಜಿಗೆಯನ್ನು ಪೂರಾ ಕುಡಿದು, “ನೀವ್ ಬುಡ್ಲಿ ಅಂತ ನಾನು, ನಾನ್ ಬುಡ್ಲಿ ಅಂತ ನೀವು. ಚೆಂದಾಗದೆ ಯಜಮಾನ್ರೆ” ಅಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಸಾಕು ಅಂದರು.

ಸೊಂಟವೇನೋ ಬದುಕಿತು, ಮಾನ ಉಳಿಯಬೇಕಲ್ಲ. ಅವತ್ತೇ ಸಂತೆ, ಸಂಕ್ರಾಂತಿಯೂ ಹತ್ತಿರ. ಅಂಗಡಿಯ ಕಡೆಗೆ ಕಾಲೇ ಬರಲಿಲ್ಲ. ಮಧ್ಯಾಹ್ನ ಹೇಗೋ ಹೋದರೆ ಮೂಟೆಯ ಮಾತನ್ನು ಯಾರೂ ಎತ್ತಲಿಲ್ಲ. ಉಸ್ತಾದರು ನನಗಿಂತ ಮೊದಲೇ ಬಂದು ಹೋಗಿದ್ದರಂತೆ. ಪಂಚೆ ಮೇಲೆತ್ತಿ, ಊದಿದ ಮೊಣಕಾಲನ್ನು ಕೂಡಿದ ಜನಕ್ಕೆಲ್ಲ ತೋರಿಸಿ, “ಯಜಮಾನ್ರದೇನೂ ತಪ್ಪಿಲ್ಲ. ನನ್ ಕಾಲೇ ಓಯ್ತು, ಇನ್ ಕಲ್ಸಕಾಗಲ್ಲ ಅಂತ ನಾನೇ ನಿಲ್ಸ್‌ದೆ” ಅಂದರಂತೆ. ಕುಂಟುವುದು ಜನಕ್ಕೆ ಕಾಣಬಾರದೆಂದು ಸುತ್ತುದಾರಿಯಲ್ಲಿ ಓಡಾಡುತ್ತಿದ್ದ ಮನುಷ್ಯ. ಕುಸ್ತಿಯಲ್ಲಿ ಯಾರಿಗೂ ಬೆನ್ನು ಕೊಡದ ಪೈಲ್ವಾನರು ನನಗೋಸ್ಕರ ಸಂತೆಯಲ್ಲಿ ಸೋತು ಹೋದರು.

ಯುದ್ಧ ಮುಗಿದ ವರ್ಷ ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಅದೊಂದು ಭಾರ ಮಾತ್ರ ದಾರಿಯುದ್ದಕ್ಕೂ ಇಳಿಸದೆ ಹೊತ್ತೆ.

ಆ ಸಂತೆಯ ದಿನದ ಸಂಜೆ ಬೇರೆ ಅಡಿಗೆ ಬೇಡವೆಂದು ಹೇಳಿ ಮಕ್ಕಳ ಸಾಲಿನಲ್ಲೇ ಕೂತೆ. ಬಿಸಿ ಮುದ್ದೆ, ಅವರೆಕಾಳಿನ ಸಾರು. ಗಂಡಸರು ಮಕ್ಕಳು ಉಂಡೆದ್ದ ಮೇಲೆ ಹೆಂಗಸರು ಉಣ್ಣುವುದು ನಮ್ಮ ಮನೆಯ ರೂಢಿ. ಅವತ್ತು ನನ್ನವಳು ಬಡಿಸಿ ಮುಗಿಸಿದವಳೇ, ತನ್ನ ತಟ್ಟೆಯನ್ನೂ ಎಳೆದುಕೊಂಡು ನನ್ನ ಪಕ್ಕದಲ್ಲಿ ಕೂತುಬಿಟ್ಟಳು. ನಮ್ಮವ್ವ ನೋಡಿದಳು. ಸೊಸೆಯ ಮುದ್ದೆಗೆ ತಾನೇ ಸಾರು ಬಿಟ್ಟು, ತನ್ನ ತಟ್ಟೆಯನ್ನೂ ತಂದು ಕೂತಳು.